ಓದುಗರ ಪ್ರಶ್ನೆಗಳಿಗೆ ಉತ್ತರ: ಕಳೆದುಹೋದವರನ್ನು ಹುಡುಕುವ ದೇವರು

ಈ ತಿಂಗಳು ಬಂದ ಪತ್ರಗಳನ್ನು ಬರೆದವರು ಬೇರೆ ಬೇರೆಯವರಾದರೂ ಹೆಚ್ಚಿನವು ಒಂದೇ ಕಳವಳವನ್ನು ತೋಡಿಕೊಂಡಿವೆ. ದೇವರಿಂದ ದೂರವಾದವರನ್ನು ದೇವರು ಇನ್ನೂ ಪ್ರೀತಿಸುತ್ತಾನೆಯೇ, ಪ್ರೀತಿಸುವುದಾದರೆ ಅದು ಎಂಥ ಪ್ರೀತಿ ಎಂಬುದೇ ಆ ಕಳವಳ. ಆದುದರಿಂದ ಬೇರೆ ವಿಷಯಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇವನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ, ದೀರ್ಘವಾದ ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ಅಯ್ಯನವರೇ, ನಾನು ವಿಶ್ವಾಸಿಗಳ ಮನೆಯಲ್ಲಿ ಹುಟ್ಟಿ ಬೆಳೆದವನು. ಹನ್ನೊಂದು ವರ್ಷಗಳಿಂದ ಪ್ರಾರ್ಥನೆಯನ್ನೂ ಸಭೆಯನ್ನೂ ಬಿಟ್ಟಿದ್ದೇನೆ. ಈ ನಡುವೆ ಬದುಕಿದ ರೀತಿಯನ್ನು ಕಾಗದದ ಮೇಲೆ ಬರೆಯಲಾರೆ. ಈಗ ಮರಳಬೇಕೆನಿಸುತ್ತಿದೆ. ಆದರೆ ಮೊದಲು ನನ್ನ ನಡತೆಯನ್ನು ಸ್ವಲ್ಪವಾದರೂ ಸರಿಪಡಿಸಿಕೊಂಡು, ಆಮೇಲೆ ದೇವರ ಮುಂದೆ ನಿಲ್ಲುವುದೇ ಮರ್ಯಾದೆಯಲ್ಲವೇ?

ಉತ್ತರ: ಸಹೋದರರೇ, ಮೊದಲು ಸರಿಪಡಿಸಿಕೊಳ್ಳುವುದು, ಆಮೇಲೆ ಬರುವುದು ಎಂಬ ಈ ಕ್ರಮವನ್ನೇ ಯೇಸುವಿನ ಕಾಲದ ಭಕ್ತರೂ ನಂಬಿದ್ದರು. ಲೂಕನ ಸುವಾರ್ತೆಯ 15ನೆಯ ಅಧ್ಯಾಯ ಆರಂಭವಾಗುವುದು ಅಲ್ಲಿಂದಲೇ. ಆಳುವವರ ಪರವಾಗಿ ತೆರಿಗೆ ಎತ್ತಿ ಸ್ವಂತ ಜನರ ದ್ವೇಷ ಕಟ್ಟಿಕೊಂಡಿದ್ದ ಸುಂಕದವರೂ, ಊರವರು ಪಾಪಿಗಳೆಂದು ಹೆಸರಿಟ್ಟು ದೂರವಿರಿಸಿದ್ದವರೂ ಆತನ ಮಾತು ಕೇಳಲು ಹತ್ತಿರ ಬರುತ್ತಿದ್ದರು. ಅದನ್ನು ಕಂಡು, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಫರಿಸಾಯರೂ ಅದನ್ನು ಬೋಧಿಸುತ್ತಿದ್ದ ಶಾಸ್ತ್ರಿಗಳೂ, ಈ ಮನುಷ್ಯನು ಪಾಪಿಗಳನ್ನು ಸೇರಿಸಿಕೊಂಡು ಅವರ ಸಂಗಡ ಊಟಮಾಡುತ್ತಾನಲ್ಲಾ ಎಂದು ಗೊಣಗಿದರು. ಒಟ್ಟಿಗೆ ಕುಳಿತು ಉಣ್ಣುವುದೆಂದರೆ ಎದುರಿಗಿರುವವನನ್ನು ತನ್ನವನೆಂದು ಒಪ್ಪಿಕೊಂಡಂತೆ ಎಂಬುದು ಆ ಸಮಾಜದ ತಿಳಿವಳಿಕೆಯಾಗಿದ್ದುದರಿಂದ ಅವರ ಆಕ್ಷೇಪ ಸಣ್ಣದಾಗಿರಲಿಲ್ಲ. ಅವರು ಬದಲಾದ ಮೇಲೆ ಊಟಕ್ಕೆ ಕರೆಯಬಹುದಿತ್ತು, ಬದಲಾಗುವ ಮೊದಲೇ ಕರೆದದ್ದು ಯಾಕೆ ಎಂಬುದು ಅದರ ತಿರುಳು. ಕುರಿ, ನಾಣ್ಯ, ಮಗ ಎಂಬ ಮೂರು ಸಾಮ್ಯಗಳನ್ನು, ಅಂದರೆ ನೀತಿಕಥೆಗಳನ್ನು, ಯೇಸು ಹೇಳಿದ್ದು ಈ ಗೊಣಗಾಟಕ್ಕೆ ಉತ್ತರವಾಗಿ.

ಮೊದಲ ಎರಡು ಸಾಮ್ಯಗಳನ್ನು ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ನೂರರಲ್ಲಿ ಒಂದು ಕುರಿ ತಪ್ಪಿಹೋದಾಗ ಕುರುಬನು ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಅದು ಸಿಕ್ಕುವ ತನಕ ಹುಡುಕುತ್ತಾನೆ; ಹತ್ತು ದ್ರಾಕ್ಮಗಳಲ್ಲಿ ಒಂದನ್ನು, ಅಂದರೆ ಆಗಿನ ಕೂಲಿಯವನೊಬ್ಬನ ಒಂದು ದಿನದ ಸಂಬಳದಷ್ಟನ್ನು, ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಅದು ಸಿಕ್ಕುವ ತನಕ ಹುಡುಕುತ್ತಾಳೆ. ಎರಡರ ಕೊನೆಯಲ್ಲೂ ಯೇಸು, ಪಶ್ಚಾತ್ತಾಪಪಡುವ ಒಬ್ಬ ಪಾಪಿಯ ವಿಷಯದಲ್ಲಿ ಪರಲೋಕದಲ್ಲಿ ಸಂತೋಷವಾಗುತ್ತದೆ ಎನ್ನುತ್ತಾನೆ. ಆದರೆ ಆ ಕುರಿ ಯಾವ ಪಶ್ಚಾತ್ತಾಪವನ್ನು ಪಟ್ಟಿತು? ನಾಣ್ಯಕ್ಕಂತೂ ತಾನು ಕಳೆದುಹೋಗಿದ್ದೇನೆಂಬುದೇ ಗೊತ್ತಿಲ್ಲ. ಸಿಕ್ಕುವುದಕ್ಕಾಗಿ ಅವು ಏನನ್ನೂ ಮಾಡಲಿಲ್ಲ, ಹುಡುಕಿದವರ ಕೈಗೆ ಸಿಕ್ಕಿದವು ಅಷ್ಟೇ. ಮನುಷ್ಯನು ದೇವರ ಕಡೆಗೆ ತಿರುಗುವುದಕ್ಕೆ ಮುಂಚೆಯೇ ದೇವರು ಅವನ ಕಡೆಗೆ ಹೊರಟಿರುತ್ತಾನೆ ಎಂಬ ಕ್ರೈಸ್ತ ನಂಬಿಕೆಗೆ ಈ ಎರಡು ಪುಟ್ಟ ಕಥೆಗಳಿಗಿಂತ ಸ್ಪಷ್ಟವಾದ ಚಿತ್ರವನ್ನು ನಾನು ಕಂಡಿಲ್ಲ. ಮರಳಬೇಕೆಂಬ ಆಸೆ ನಿಮ್ಮಲ್ಲಿ ಹುಟ್ಟಿದೆ ಎಂದು ಬರೆದಿದ್ದೀರಿ. ಹನ್ನೊಂದು ವರ್ಷ ಹುಟ್ಟದ ಆಸೆ ಈಗ ತಾನಾಗಿ ಹುಟ್ಟಿತೆಂದು ನೀವು ತಿಳಿದಿರಬಹುದು. ಸಭೆಯ ಪುರಾತನ ಬೋಧನೆಯ ಪ್ರಕಾರ ಆ ಆಸೆಯೂ ಕೃಪೆಯ ಕೆಲಸವೇ. 529ರಲ್ಲಿ ಓರಾಂಜ್ ಪಟ್ಟಣದಲ್ಲಿ ಕೂಡಿದ ಸಭಾಧ್ಯಕ್ಷರು (ಬಿಷಪರು) ನಂಬಿಕೆಯ ಆರಂಭವೂ, ನಂಬಬೇಕೆಂಬ ಮನಸ್ಸೂ ದೇವರ ದಾನವೆಂದು ಹೇಳಿದ್ದರು.

ಇನ್ನು ಮೂರನೆಯ ಸಾಮ್ಯ. ಕಿರಿಯ ಮಗನೊಬ್ಬನು ತನ್ನ ಪಾಲಿನ ಆಸ್ತಿಯನ್ನು ಪಡೆದು ದೂರದೇಶಕ್ಕೆ ಹೋಗಿ, ಅದನ್ನೆಲ್ಲ ಹಾಳುಮಾಡಿ, ಹಂದಿ ಮೇಯಿಸುವ ಕೆಲಸಕ್ಕೆ ಇಳಿದನು. ಆ ಮಗನು ಮನೆಯ ಕಡೆಗೆ ಹೊರಟದ್ದು ಅಪ್ಪನ ಮೇಲಿನ ಪ್ರೀತಿಯಿಂದಲ್ಲ, ಹಸಿವಿನಿಂದ; ಅಪ್ಪನ ಕೂಲಿಯಾಳುಗಳಿಗೆ ಬೇಕಾದಷ್ಟು ರೊಟ್ಟಿಯಿದೆ ಎಂಬುದು ಅವನಿಗೆ ಮೊದಲು ಬಂದ ನೆನಪು. ಹೇಳಬೇಕಾದ ಮಾತನ್ನು ಅವನು ಮೊದಲೇ ಜೋಡಿಸಿಕೊಂಡಿದ್ದ: ಅಪ್ಪಾ, ಪಾಪಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಇದರಲ್ಲಿ ಮೂರನೆಯ ಮಾತನ್ನು ಅವನು ಅಪ್ಪನೆದುರು ಆಡುವುದೇ ಇಲ್ಲ, ಯಾಕೆಂದರೆ ಅಷ್ಟರೊಳಗೆ ಅಪ್ಪ ಆಳುಗಳ ಕಡೆ ತಿರುಗಿ, ಶ್ರೇಷ್ಠವಾದ ನಿಲುವಂಗಿಯನ್ನು ತಟ್ಟನೆ ತಂದು ತೊಡಿಸಿರಿ, ಕೈಗೆ ಉಂಗುರ ಇಡಿರಿ, ಕಾಲಿಗೆ ಜೋಡು ಮೆಡಿಸಿರಿ ಎನ್ನುತ್ತಿದ್ದಾನೆ. ಹಂದಿಗಳ ನಡುವಿನಿಂದ ಎದ್ದು ಬಂದ ಮೈ ಅದು. ಮೋಶೆಯ ಧರ್ಮಶಾಸ್ತ್ರದಲ್ಲಿ ಹಂದಿ ಅಶುದ್ಧ ಪ್ರಾಣಿ. ಆದರೂ ಮೊದಲು ಮಿಂದು ಬಾ ಎಂಬ ಮಾತು ಆ ಕಥೆಯಲ್ಲಿ ಎಲ್ಲಿಯೂ ಇಲ್ಲ. ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಕಂಡು ಕನಿಕರಪಟ್ಟನೆಂದು ಲೂಕ ಬರೆಯುವಾಗ ಬಳಸಿದ ಗ್ರೀಕ್ ಕ್ರಿಯಾಪದ ‘ಕರುಳು’ ಎಂಬ ಅರ್ಥದ ಮಾತಿನಿಂದ ಬಂದದ್ದು. ಮಕ್ಕಳ ವಿಷಯದಲ್ಲಿ ಕರುಳು ಮಿಡಿಯಿತು, ಕರುಳು ಕಿತ್ತುಬಂತು ಎನ್ನುವ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಡತೆ ಬದಲಾಗಬೇಕಾಗಿಲ್ಲವೇ ಎಂದು ಕೇಳಿದರೆ, ಖಂಡಿತವಾಗಿ ಬದಲಾಗಬೇಕು. ಆದರೆ ಅದರ ಸ್ಥಾನ ಎಲ್ಲಿ ಎಂಬುದನ್ನು ಯೆರಿಕೋ ಪಟ್ಟಣದ ಜಕ್ಕಾಯನಲ್ಲಿ ನೋಡಿರಿ. ಅವನು ಸುಂಕದವರ ಮುಖ್ಯಸ್ಥ, ಐಶ್ವರ್ಯವಂತ. ಮರ ಹತ್ತಿ ಕುಳಿತಿದ್ದ ಅವನನ್ನು ಯೇಸು ಹೆಸರು ಹಿಡಿದು ಕರೆದು, ಈ ಹೊತ್ತು ನಾನು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದ ಮೇಲೆ, ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂಬ ಮಾತು ಅವನ ಬಾಯಿಂದ ಬಂತು. ಮೋಸವನ್ನು ತಾನಾಗಿ ಒಪ್ಪಿಕೊಂಡವನು ಮೂಲಧನಕ್ಕೆ ಐದನೆಯ ಒಂದು ಪಾಲನ್ನು ಸೇರಿಸಿ ಹಿಂದಕ್ಕೆ ಕೊಟ್ಟರೆ ಸಾಕೆಂದು ಧರ್ಮಶಾಸ್ತ್ರ ಹೇಳುತ್ತಿತ್ತು. ಜಕ್ಕಾಯ ಅದನ್ನು ಎಷ್ಟೋ ಮೀರಿ ಕೊಟ್ಟನು, ಆದರೆ ಕೊಟ್ಟದ್ದು ಅತಿಥಿ ಮನೆಗೆ ಬಂದ ಮೇಲೆ. ನೀವು ಸರಿಪಡಿಸಬೇಕಾದದ್ದು ಬೇಕಾದಷ್ಟು ಇರಬಹುದು. ನಿಮ್ಮಿಂದ ನೊಂದವರಿಗೆ ತೀರಿಸಬೇಕಾದ ಋಣವೂ ಇರಬಹುದು. ಅದನ್ನು ಒಬ್ಬರೇ ಮಾಡಿ ಮುಗಿಸಿ ಆಮೇಲೆ ಬರುತ್ತೇನೆಂದು ಕುಳಿತರೆ ಇನ್ನೂ ಹನ್ನೊಂದು ವರ್ಷ ಕಳೆದೀತು. ಈಗಲೇ ಬನ್ನಿರಿ, ಉಳಿದದ್ದನ್ನು ಆತನ ಜೊತೆಯಲ್ಲಿದ್ದು ಮಾಡಿರಿ.

ಪ್ರಶ್ನೆ: ಬೇರೆ ಧರ್ಮದ ನನ್ನ ಆಪ್ತ ಗೆಳತಿ, ನಿಮ್ಮವರು ಉಳಿದವರನ್ನೆಲ್ಲ ‘ಕಳೆದುಹೋದವರು’ ಎನ್ನುತ್ತೀರಂತೆ, ಅದು ಅವಮಾನವಲ್ಲವೇ ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ.

ಉತ್ತರ: ನಿಮ್ಮ ಗೆಳತಿಯ ನೋವು ನ್ಯಾಯವಾದದ್ದು, ಯಾಕೆಂದರೆ ಈ ಮಾತನ್ನು ನಮ್ಮಲ್ಲಿ ಹಲವರು ಮೇಲೆ ನಿಂತು ಕೆಳಗಿನವರನ್ನು ತೋರಿಸುವ ಬೆರಳಿನಂತೆ ಬಳಸಿದ್ದಾರೆ. ಬೈಬಲಿನಲ್ಲಿ ಅದರ ಬಳಕೆ ಬೇರೆ. ಯೆಶಾಯನ 53ನೆಯ ಅಧ್ಯಾಯದಲ್ಲಿ ಪ್ರವಾದಿಯು ನಾವೆಲ್ಲರೂ ಕುರಿಗಳಂತೆ ದಾರಿತಪ್ಪಿದೆವು ಎಂದು ತನ್ನನ್ನೂ ಸೇರಿಸಿಕೊಂಡು ಹೇಳುತ್ತಾನೆ. ಮತ್ತಾಯನ ಸುವಾರ್ತೆಯಲ್ಲಿ ಇದೇ ಕುರಿಯ ಸಾಮ್ಯ 18ನೆಯ ಅಧ್ಯಾಯದಲ್ಲಿ ಬರುತ್ತದೆ, ಅಲ್ಲಿ ಕೇಳುತ್ತಿರುವವರು ಶಿಷ್ಯರು, ತಪ್ಪಿಹೋದ ಕುರಿ ಅವರ ನಡುವಿನ ಚಿಕ್ಕವರಲ್ಲಿ ಒಬ್ಬ. ಲೂಕನಲ್ಲಿ ನಾಣ್ಯ ಕಳೆದದ್ದು ಮನೆಯ ಒಳಗೇ. ಹಾಗಿರುವಾಗ ಕಳೆದುಹೋಗುವುದು ಹೊರಗಿನವರಿಗೆ ಮಾತ್ರ ಆಗುವಂಥದ್ದೆಂದು ಯಾರು ಹೇಳಬಲ್ಲರು?

ಆ ಮಾತಿನ ಒಳಗೇ ಇನ್ನೊಂದು ಅರ್ಥವಿದೆ, ಅದನ್ನು ನಿಮ್ಮ ಗೆಳತಿಗೆ ಹೇಳಿರಿ. ದಾರಿಯಲ್ಲಿ ಬಿದ್ದಿರುವ ಕಲ್ಲನ್ನು ನೋಡಿ ಯಾರೂ ಇದು ಕಳೆದುಹೋಗಿದೆ ಎನ್ನುವುದಿಲ್ಲ. ಕಳೆದುಹೋಗಬೇಕಾದರೆ ಅದು ಯಾರಿಗಾದರೂ ಸೇರಿದ್ದಾಗಿರಬೇಕು, ಅದು ಇಲ್ಲದ ಕೊರತೆ ಯಾರಿಗಾದರೂ ತಟ್ಟಿರಬೇಕು. ನಾವು ಸಂದರ್ಭಕ್ಕೆ ತಕ್ಕಂತೆ ತಪ್ಪಿಹೋಗು, ಕಳೆದುಹೋಗು, ಕೆಟ್ಟುಹೋಗು, ನಾಶವಾಗು ಎಂದು ನಾಲ್ಕು ಬಗೆಯಲ್ಲಿ ಹೇಳುವುದನ್ನು ಗ್ರೀಕ್ ಮೂಲವು ‘ಅಪೋಲ್ಲುಮಿ’ ಎಂಬ ಒಂದೇ ಕ್ರಿಯಾಪದದಿಂದ ಹೇಳುತ್ತದೆ. ಲೂಕನ 15ನೆಯ ಅಧ್ಯಾಯದ ಕುರಿಗೂ ನಾಣ್ಯಕ್ಕೂ ಮಗನಿಗೂ, ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದ 16ನೆಯ ವಚನದಲ್ಲಿ ‘ನಾಶವಾಗದೆ’ ಎಂದು ನಾವು ಓದುವಲ್ಲಿಗೂ ಅದೇ ಮಾತು. ಆದುದರಿಂದ ಅದು ಒಬ್ಬನ ಯೋಗ್ಯತೆಯನ್ನು ಅಳೆಯುವ ಮಾತಾಗುವುದಕ್ಕೆ ಮುಂಚೆ ಕಳೆದುಕೊಂಡವನ ಸಂಕಟವನ್ನು ಹೇಳುವ ಮಾತು. ಜಕ್ಕಾಯನ ಮನೆಯಲ್ಲಿ ಯೇಸು, ಕೆಟ್ಟುಹೋದದ್ದನ್ನು ಹುಡುಕಿ ರಕ್ಷಿಸಲು ಮನುಷ್ಯಕುಮಾರನು (ಯೇಸು ತನ್ನನ್ನು ಕರೆದುಕೊಳ್ಳುತ್ತಿದ್ದ ಹೆಸರು) ಬಂದನು ಎನ್ನುವುದಕ್ಕೆ ಮೊದಲು, ಇವನೂ ಅಬ್ರಹಾಮನ ವಂಶದವನೇ, ಅಂದರೆ ದೇವರ ಜನರಲ್ಲಿ ಒಬ್ಬನೇ, ಎಂದು ಹೇಳಿದನೆಂಬುದನ್ನು ನಾವು ಮರೆಯುತ್ತೇವೆ. ಈ ಮಾತನ್ನು ಇನ್ನೊಬ್ಬರ ಮೇಲೆ ಹಣೆಪಟ್ಟಿಯಾಗಿ ಹಚ್ಚುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಿಮ್ಮ ಗೆಳತಿಯ ಕ್ಷಮೆಯನ್ನು ನಮ್ಮೆಲ್ಲರ ಪರವಾಗಿ ನೀವು ಕೇಳಿದರೂ ತಪ್ಪಾಗದು.

ಪ್ರಶ್ನೆ: ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ, ಒಮ್ಮೆ ಬೆಳಕನ್ನು ಕಂಡು ಬಿದ್ದುಹೋದವರನ್ನು ತಿರುಗಿ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆಂದಿದೆ. ನಾನು ಬೇಕೆಂದೇ ಯೇಸುವನ್ನು ನಿರಾಕರಿಸಿದವಳು. ನನಗೆ ರಾತ್ರಿ ನಿದ್ರೆಯಿಲ್ಲ.

ಉತ್ತರ: ಸಹೋದರಿ, ಆ ವಚನ ಗಂಭೀರವಾದದ್ದು, ಅದನ್ನು ತೆಳುಗೊಳಿಸಿ ನಿಮ್ಮನ್ನು ಸಮಾಧಾನಪಡಿಸುವುದಿಲ್ಲ. ಆದರೆ ಅದನ್ನು ಬರೆದವನೇ ಮೂರು ವಚನಗಳ ನಂತರ ಅದೇ ಓದುಗರನ್ನು ಪ್ರಿಯರೇ ಎಂದು ಕರೆದು, ನಿಮ್ಮ ವಿಷಯದಲ್ಲಿ ನಾವು ಉತ್ತಮವಾದದ್ದನ್ನೇ ನಂಬಿದ್ದೇವೆ ಎನ್ನುತ್ತಾನೆ. ಅಂಚಿನಲ್ಲಿ ನಿಂತವರನ್ನು ಹಿಂದಕ್ಕೆ ಕೂಗುವ ದನಿ ಅದು. ಬಿದ್ದವರು ಏಳುವ ದಾರಿಯನ್ನು ಮುಚ್ಚುವುದು ಅದರ ಉದ್ದೇಶವಾಗಿದ್ದರೆ ಪತ್ರಿಕೆಯ ಉಳಿದ ಅಧ್ಯಾಯಗಳನ್ನು ಬರೆಯುವ ಅಗತ್ಯವೇ ಇರಲಿಲ್ಲ. ಕ್ಷಮೆಯಿಲ್ಲದ ಪಾಪವೆಂದು ಮಾರ್ಕನ 3ನೆಯ ಅಧ್ಯಾಯದಲ್ಲಿ ಯೇಸು ಹೇಳಿದ್ದು, ಕಣ್ಣೆದುರಿಗೆ ನಡೆಯುತ್ತಿದ್ದ ಪವಿತ್ರಾತ್ಮನ ಕೆಲಸವನ್ನು ದೆವ್ವದ ಕೆಲಸವೆಂದು ಹೇಳಿದ ಶಾಸ್ತ್ರಿಗಳಿಗೆ. ಅವರಿಗೆ ನಿದ್ರೆ ಕೆಟ್ಟಂತೆ ಕಾಣುವುದಿಲ್ಲ. ನಿಮ್ಮ ಭಯವೇ ನೀವು ಅವರಂತಾಗಿಲ್ಲ ಎಂಬುದಕ್ಕೆ ಸಾಕ್ಷಿ.

ನಿಮ್ಮ ಪ್ರಶ್ನೆಯನ್ನು ಆದಿಸಭೆ ಬಹಳ ಕಷ್ಟದಿಂದ ಎದುರಿಸಿತು. ರೋಮನ್ ಚಕ್ರವರ್ತಿ ಡೇಸಿಯಸನು ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಕಟ್ಟಳೆ ಹೊರಡಿಸಿದಾಗ, 250ರ ಸುಮಾರಿಗೆ, ಬಹಳ ಕ್ರೈಸ್ತರು ಪ್ರಾಣಭಯದಿಂದ ಬಲಿ ಅರ್ಪಿಸಿದರು, ಇಲ್ಲವೆ ಅರ್ಪಿಸಿದಂತೆ ಪ್ರಮಾಣಪತ್ರ ಪಡೆದುಕೊಂಡರು. ಹಿಂಸೆ ತಗ್ಗಿದ ಮೇಲೆ ಅವರು ಅಳುತ್ತ ಮರಳಿದರು. ರೋಮಿನ ನೊವೇಷಿಯನ್ ಎಂಬ ಹಿರಿಯನು ಅವರನ್ನು ಸಭೆ ಎಂದಿಗೂ ಸೇರಿಸಿಕೊಳ್ಳಕೂಡದೆಂದು ಹಟ ಹಿಡಿದು ಬೇರೆಯೇ ಆದನು. ಕಾರ್ಥೇಜಿನ ಸಭಾಧ್ಯಕ್ಷ ಸಿಪ್ರಿಯನ್ ಸುಲಭವಾಗಿ ಸೇರಿಸಿಕೊಳ್ಳುವುದನ್ನೂ ಒಪ್ಪಲಿಲ್ಲ, ಬಾಗಿಲು ಮುಚ್ಚುವುದನ್ನೂ ಒಪ್ಪಲಿಲ್ಲ. 251ರಲ್ಲಿ ಅವನ ಮುಂದಾಳತ್ವದಲ್ಲಿ ಕೂಡಿದ ಸಭಾಧ್ಯಕ್ಷರು ತಕ್ಕ ಪ್ರಾಯಶ್ಚಿತ್ತದ ಅವಧಿಯ ನಂತರ ಅವರನ್ನು ಸೇರಿಸಿಕೊಳ್ಳುವ ದಾರಿ ತೆರೆದರು. ಮುಖ್ಯ ಸಭೆ ನಡೆದದ್ದು ಆ ದಾರಿಯಲ್ಲಿಯೇ. ಅದೇ ಶತಮಾನದಲ್ಲಿ ರೋಮಿನ ನೆಲದಡಿಯ ಸಮಾಧಿಗಳ ಗೋಡೆಗಳ ಮೇಲೆ ಕ್ರೈಸ್ತರು ಮತ್ತೆ ಮತ್ತೆ ಬರೆದ ಚಿತ್ರ, ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬನದು. ತಮ್ಮ ಸತ್ತವರನ್ನು ಯಾರ ಹೆಗಲಿಗೆ ಒಪ್ಪಿಸುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು.

ಇನ್ನೊಂದನ್ನು ಹೇಳಿ ಈ ಉತ್ತರ ಮುಗಿಸುತ್ತೇನೆ. ಯೇಸುವಿನ ಶಿಷ್ಯನಾದ ಪೇತ್ರನು ಯೇಸುವನ್ನು ಅರಿಯೆನೆಂದು ಮೂರು ಸಾರಿ ಹೇಳಿದ್ದು ಮಹಾಯಾಜಕನ ಅಂಗಳದಲ್ಲಿ, ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತ. ಪುನರುತ್ಥಾನವಾದ ಮೇಲೆ ಯೇಸು ಸರೋವರದ ದಡದಲ್ಲಿ ಅವನನ್ನು ಮೂರು ಸಾರಿ, ನನ್ನನ್ನು ಪ್ರೀತಿಸುತ್ತೀಯೋ ಎಂದು ಕೇಳಿದಾಗಲೂ ಅಲ್ಲಿ ಇದ್ದಲಿನ ಬೆಂಕಿಯಿತ್ತು. ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿಗೆ ಬಳಸಿದ ಆ ಗ್ರೀಕ್ ಮಾತು ಕಾಣಿಸುವುದು ಈ ಎರಡೇ ಕಡೆ. ಬೇಕೆಂದೇ ನಿರಾಕರಿಸಿದವನ ಕೈಗೇ ಆತನು ತನ್ನ ಕುರಿಗಳನ್ನು ಕೊಟ್ಟನು.

ಪ್ರಶ್ನೆ: ಮೂವತ್ತು ವರ್ಷ ಸಭೆಯ ಕೆಲಸ ಮಾಡಿದ್ದೇನೆ. ಒಂದು ಭಾನುವಾರವೂ ತಪ್ಪಿಸಿಲ್ಲ. ನಿನ್ನೆ ಮೊನ್ನೆ ಕೆಟ್ಟ ದಾರಿ ಬಿಟ್ಟು ಬಂದವರನ್ನು ಎಲ್ಲರೂ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ತೊಂಬತ್ತೊಂಬತ್ತು ಕುರಿಗಳಿಗೆ ಏನೂ ಇಲ್ಲವೇ?

ಉತ್ತರ: ಇಷ್ಟು ನೇರವಾಗಿ ಬರೆದದ್ದಕ್ಕೆ ನಿಮ್ಮ ಮೇಲೆ ಗೌರವ ಹುಟ್ಟಿತು. ಈ ಕಹಿಯನ್ನು ಅನೇಕರು ಒಳಗೇ ಇಟ್ಟುಕೊಂಡು ಹಾಡುತ್ತಿರುತ್ತಾರೆ. ನಾನೂ ಎಷ್ಟೋ ವರ್ಷ ಲೂಕನ ಮೂರನೆಯ ಸಾಮ್ಯವನ್ನು ಕಿರಿಯ ಮಗನ ಕಥೆಯೆಂದೇ ಓದಿಕೊಂಡು ಬಂದೆ. ತಮ್ಮನಿಗಾಗಿ ಹಬ್ಬ ಮಾಡಿದ್ದಕ್ಕೆ ಸಿಟ್ಟಾಗಿ ಮನೆಯೊಳಗೆ ಬರಲೊಲ್ಲದ ಹಿರಿಯನು ನನಗೆ ಹಬ್ಬ ಕೆಡಿಸಿದ ಕೋಪಿಷ್ಠನಾಗಿ ಮಾತ್ರ ಕಾಣುತ್ತಿದ್ದನು. ವಯಸ್ಸಾದಂತೆ ಅವನ ಮಾತುಗಳು ನನ್ನ ಬಾಯಿಂದ ಬಂದಂತೆಯೇ ಕೇಳಿಸತೊಡಗಿದವು.

ಯೇಸು ಆ ಕಥೆಯನ್ನು ಹೇಳುತ್ತಿದ್ದದ್ದು ಗೊಣಗಿದ ಫರಿಸಾಯರಿಗೆ ಎಂಬುದನ್ನು ನೆನಪಿಟ್ಟರೆ ಹಿರಿಯ ಮಗನೇ ಅದರ ಗುರಿ ಎಂಬುದು ತಿಳಿಯುತ್ತದೆ. ಅವನ ಮಾತನ್ನು ಗಮನಿಸಿರಿ. ಮನೆಬಿಟ್ಟು ಹೋದ ತಮ್ಮನು ಬಾಯಿ ತೆರೆದಾಗಲೆಲ್ಲ ‘ಅಪ್ಪಾ’ ಎಂದು ಆರಂಭಿಸುತ್ತಾನೆ. ಮನೆಯಲ್ಲೇ ಉಳಿದ ಅಣ್ಣನು ಒಮ್ಮೆಯೂ ಹಾಗೆ ಕರೆಯುವುದಿಲ್ಲ. ಇಷ್ಟು ವರ್ಷ ನಿನ್ನ ಸೇವೆ ಮಾಡಿದೆನು ಎನ್ನುವಾಗ ಅವನು ಬಳಸುವ ಮಾತು ಗುಲಾಮನು ದುಡಿಯುವುದಕ್ಕೆ ಹೇಳುವಂಥದ್ದು. ತಮ್ಮನನ್ನು ‘ನಿನ್ನ ಈ ಮಗ’ ಎನ್ನುತ್ತಾನೆ, ನನ್ನ ತಮ್ಮ ಎನ್ನುವುದಿಲ್ಲ. ಒಂದು ಆಡಿನ ಮರಿಯನ್ನೂ ನನಗೆ ಕೊಡಲಿಲ್ಲವಲ್ಲ ಎಂದು ದೂರುತ್ತಾನೆ. ಆದರೆ ಕಥೆಯ ಆರಂಭದಲ್ಲೇ ಅಪ್ಪ ಆಸ್ತಿಯನ್ನು ಹಂಚಿದ್ದು ಇಬ್ಬರಿಗೂ ಎಂದು ಲೂಕ ಬರೆದಿದ್ದಾನೆ, ಮತ್ತು ಧರ್ಮೋಪದೇಶಕಾಂಡದ ಪ್ರಕಾರ ಚೊಚ್ಚಲ ಮಗನ ಪಾಲು ಎರಡರಷ್ಟು. ತನ್ನದೇ ಆಗಿದ್ದ ಮನೆಯಲ್ಲಿ ಅವನು ಕೂಲಿಯವನಾಗಿ ಬದುಕುತ್ತಿದ್ದನು. ತಮ್ಮನು ಯಾವ ಸ್ಥಾನಕ್ಕಾಗಿ ಬೇಡಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದನೋ, ಅಣ್ಣನು ಅದೇ ಸ್ಥಾನದಲ್ಲಿ ಆಗಲೇ ಇದ್ದನು, ಯಾರೂ ಹೇಳದೆ, ತಾನಾಗಿಯೇ.

ಸಹೋದರರೇ, ಇದನ್ನು ನಿಮ್ಮನ್ನು ಚುಚ್ಚಲು ಬರೆಯುತ್ತಿಲ್ಲ. ಅಪ್ಪ ಆ ದಿನ ಎರಡು ಸಾರಿ ಮನೆಯಿಂದ ಹೊರಗೆ ಬಂದನೆಂಬುದನ್ನು ನಿಮಗೆ ತೋರಿಸಬೇಕಾಗಿದೆ. ಮೊದಲ ಸಾರಿ ಓಡಿ ಬಂದನು. ಎರಡನೆಯ ಸಾರಿ, ಅತಿಥಿಗಳು ಒಳಗೆ ಕುಳಿತಿರುವಾಗಲೇ ಎದ್ದು, ಹೊಸ್ತಿಲಾಚೆ ಮುಖ ತಿರುಗಿಸಿ ನಿಂತಿದ್ದ ಹಿರಿಯ ಮಗನನ್ನು ಬೇಡಿಕೊಳ್ಳಲು ಬಂದನು. ಕಂದಾ, ನೀನು ಯಾವಾಗಲೂ ನನ್ನ ಸಂಗಡ ಇದ್ದೀ, ನನ್ನದೆಲ್ಲಾ ನಿನ್ನದೇ ಎಂದನು. ಅವನ ದೂರಿಗೆ ಗದರಿಕೆಯಿಲ್ಲ, ಅವನ ವರ್ಷಗಳ ದುಡಿಮೆಯ ಬಗ್ಗೆ ತಾತ್ಸಾರವಿಲ್ಲ. ತಿದ್ದಿದ್ದು ಒಂದನ್ನೇ: ‘ನಿನ್ನ ಮಗ’ ಎಂದದ್ದನ್ನು ‘ನಿನ್ನ ತಮ್ಮ’ ಎಂದು ತಿದ್ದಿದನು. ತೊಂಬತ್ತೊಂಬತ್ತು ಕುರಿಗಳಿಗೆ ಏನಿದೆ ಎಂದು ಕೇಳಿದಿರಿ. ಅವುಗಳಲ್ಲಿ ಯಾವುದು ತಪ್ಪಿದರೂ ಕುರುಬ ಹೊರಡುತ್ತಾನೆ ಎಂಬ ಭರವಸೆ ಅವುಗಳಿಗಿದೆ. ಪ್ರವಾದಿ ಯೋನನೂ ನಿನೆವೆ ಪಟ್ಟಣದವರಿಗೆ ಕ್ಷಮೆ ಸಿಕ್ಕಿತೆಂದು ಸಿಟ್ಟಾಗಿ ಊರ ಹೊರಗೆ ಕುಳಿತಿದ್ದನು. ಬಲಗೈ ಎಡಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನರಿಗಾಗಿ ನಾನು ಮರುಗಬಾರದೋ ಎಂಬ ದೇವರ ಪ್ರಶ್ನೆಯಿಂದ ಆ ಪುಸ್ತಕ ಮುಗಿಯುತ್ತದೆ, ಯೋನನ ಉತ್ತರ ಅದರಲ್ಲಿಲ್ಲ. ಹಿರಿಯ ಮಗನು ಒಳಗೆ ಹೋದನೋ ಇಲ್ಲವೋ ಎಂಬುದನ್ನೂ ಲೂಕ ಹೇಳುವುದಿಲ್ಲ. ಮುಂದಿನ ಭಾನುವಾರ ಆ ಹೊಸಬರಲ್ಲಿ ಒಬ್ಬರ ಪಕ್ಕದಲ್ಲಿ ಹೋಗಿ ಕುಳಿತು ಅವರ ಹೆಸರನ್ನು ಕೇಳಿರಿ ಎಂದು ನಿಮ್ಮಲ್ಲಿ ವಿನಂತಿ.

ಪ್ರಶ್ನೆ: ದೇವರು ಎಲ್ಲರನ್ನೂ ಪ್ರೀತಿಸುವುದಾದರೆ ಕೊನೆಗೆ ಎಲ್ಲರೂ ರಕ್ಷಣೆ ಹೊಂದುತ್ತಾರೆಯೇ?

ಉತ್ತರ: ಈ ವಿಷಯದಲ್ಲಿ ಕ್ರೈಸ್ತರೆಲ್ಲರ ಮಾತು ಒಂದೇ ಆಗಿಲ್ಲ. 3ನೆಯ ಶತಮಾನದ ಒರಿಜೆನ್, 4ನೆಯ ಶತಮಾನದ ನಿಸ್ಸಾದ ಗ್ರೆಗೊರಿ ಮುಂತಾದವರು ಕೊನೆಗೆ ಎಲ್ಲವೂ ದೇವರಲ್ಲಿ ಸರಿಹೋಗುತ್ತದೆಂದು ನಿರೀಕ್ಷಿಸಿದರು. ಹೆಚ್ಚಿನ ಸಭೆಗಳು ಅದನ್ನು ಬೋಧನೆಯಾಗಿ ಒಪ್ಪಲಿಲ್ಲ. 1618–19ರಲ್ಲಿ ಡಾರ್ಟ್ ಪಟ್ಟಣದಲ್ಲಿ ಕೂಡಿದ ಸುಧಾರಿತ ಸಭೆಗಳವರು ರಕ್ಷಣೆ ಹೊಂದುವವರನ್ನು ದೇವರೇ ಆರಿಸಿಕೊಳ್ಳುತ್ತಾನೆ ಎಂಬುದನ್ನು ಒತ್ತಿ ಹೇಳಿದರು, 18ನೆಯ ಶತಮಾನದಲ್ಲಿ ಜಾನ್ ವೆಸ್ಲಿಯವರು ಕೃಪೆ ಎಲ್ಲರಿಗೂ ತೆರೆದಿದೆ ಎಂಬುದನ್ನು ಒತ್ತಿ ಹೇಳಿದರು. ನನಗೆ ಆಧಾರವಾಗಿರುವುದು ಎರಡು ಮಾತುಗಳು. ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ, ಅವನು ತಿರುಗಿಕೊಂಡು ಬಾಳುವುದೇ ನನಗೆ ಸಂತೋಷ ಎಂದು ಯೆಹೆಜ್ಕೇಲನ 33ನೆಯ ಅಧ್ಯಾಯದಲ್ಲಿ ದೇವರು ಆಣೆಯಿಟ್ಟು ಹೇಳುತ್ತಾನೆ. ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿಗೆ ಕೂಡಿಸಿಕೊಳ್ಳುವಂತೆ ನಿನ್ನ ಮಕ್ಕಳನ್ನು ಕೂಡಿಸಿಕೊಳ್ಳಲು ಎಷ್ಟೋ ಸಾರಿ ಮನಸ್ಸು ಮಾಡಿದೆ, ನಿಮಗಾದರೋ ಮನಸ್ಸಿರಲಿಲ್ಲ ಎಂದು ಯೇಸು ಯೆರೂಸಲೇಮಿಗಾಗಿ ಮರುಗುತ್ತಾನೆ. ಪ್ರೀತಿಯಲ್ಲಿ ಕೊರತೆಯಿಲ್ಲ, ಆದರೆ ಅದು ಯಾರ ಕೈಯನ್ನೂ ತಿರುಚುವುದಿಲ್ಲ. ಇದಕ್ಕಿಂತ ಮುಂದಕ್ಕೆ ಹೋಗಿ ಯಾರು ಒಳಗೆ, ಯಾರು ಹೊರಗೆ ಎಂದು ಲೆಕ್ಕ ಹಾಕುವ ಕೆಲಸವನ್ನು ನಮಗೆ ಯಾರೂ ಒಪ್ಪಿಸಿಲ್ಲ.

ಪ್ರಶ್ನೆ: ನನ್ನ ಮಗ ನಂಬಿಕೆಯನ್ನು ಬಿಟ್ಟಿದ್ದಾನೆ. ದೇವರ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಕುರುಬನಂತೆ ನಾನೂ ಅವನ ಹಿಂದೆ ಹೋಗಬೇಕೋ, ಅಪ್ಪನಂತೆ ಮನೆಯಲ್ಲಿ ಕಾಯಬೇಕೋ?

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆ ಬಹಳ ದಿನ ನನ್ನ ಮನಸ್ಸಿನಲ್ಲಿ ಉಳಿಯಿತು. ಕುರಿಯನ್ನು ಹೆಗಲ ಮೇಲೆ ಹೊತ್ತು ತರಬಹುದು, ನಾಣ್ಯವನ್ನು ನೆಲದಿಂದ ಎತ್ತಿಕೊಳ್ಳಬಹುದು; ಮಗನು ತನ್ನ ಕಾಲಿನಿಂದಲೇ ನಡೆದು ಬರಬೇಕು. ಮೂರನೆಯ ಸಾಮ್ಯದ ಅಪ್ಪ ದೂರದೇಶಕ್ಕೆ ಹೋಗಿ ಮಗನನ್ನು ಎಳೆದು ತರದಿದ್ದುದು ಪ್ರೀತಿ ಕಡಿಮೆಯಿದ್ದುದರಿಂದಲ್ಲ. ದೂರದಲ್ಲಿರುವಾಗಲೇ ಕಂಡನೆಂಬ ಒಂದು ಮಾತಿನಲ್ಲಿ ಎಷ್ಟು ದಿನಗಳ ದಾರಿ ಕಾಯುವಿಕೆ ಅಡಗಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇದೇ ದಾರಿಯಲ್ಲಿ ನಡೆದ ಒಬ್ಬ ತಾಯಿಯ ಹೆಸರು ಮೋನಿಕಾ. ಅವಳ ಮಗ ಅಗಸ್ಟೀನ್ 354ರಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿದನು. ಮುಂದೆ ಪಾಶ್ಚಾತ್ಯ ಸಭೆಯ ಮಹಾಬೋಧಕನಾದವನು ಅವನೇ. ಯೌವನದಲ್ಲಿ ಅವನು ತಾಯಿಯ ನಂಬಿಕೆಯನ್ನು ಹೀಗಳೆದು ಬೆಳಕು ಕತ್ತಲೆಗಳೆಂಬ ಎರಡು ಶಕ್ತಿಗಳ ಹೋರಾಟವನ್ನು ಬೋಧಿಸುತ್ತಿದ್ದ ಮಾನಿಯ ಪಂಥದವರನ್ನು ಸೇರಿ ಒಂಬತ್ತು ವರ್ಷ ಅವರ ಜೊತೆಯಲ್ಲಿದ್ದನು. ಮಗನ ಜೊತೆ ವಾದಮಾಡಿ ಅವನ ಮನಸ್ಸು ತಿರುಗಿಸಿರೆಂದು ಅವಳು ಒಬ್ಬ ಸಭಾಧ್ಯಕ್ಷನನ್ನು ಕಾಡಿದಳು. ಆತನೂ ಬಾಲ್ಯದಲ್ಲಿ ಅದೇ ಪಂಥದವರ ನಡುವೆ ಬೆಳೆದು ಹೊರಬಂದವನು. ಈಗ ಅವನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿಲ್ಲ, ಸುಮ್ಮನೆ ಬಿಡು, ಅವನಿಗಾಗಿ ಪ್ರಾರ್ಥನೆ ಮಾತ್ರ ಮಾಡು ಎಂದು ಆತ ಹೇಳಿದನು. ಅವಳು ಅಳುತ್ತ ಬಿಡದೆ ಬೇಡಿದಾಗ, ಇಷ್ಟು ಕಣ್ಣೀರಿನ ಮಗ ಕಳೆದುಹೋಗಲಾರನು ಎಂದು ಕಳುಹಿಸಿದನು. 383ರಲ್ಲಿ ಮಗನು ಅವಳಿಗೆ ಸುಳ್ಳು ಹೇಳಿ ರಾತ್ರಿಯಲ್ಲಿ ರೋಮಿಗೆ ಹಡಗು ಹತ್ತಿದನು. ಆ ರಾತ್ರಿ ಅವಳು ಬಂದರಿನ ಬಳಿಯ, ಮೇಲೆ ಹೇಳಿದ ಸಿಪ್ರಿಯನನ ನೆನಪಿನ ಗುಡಿಯಲ್ಲಿ, ಮಗ ಹೋಗದಿರಲೆಂದು ಪ್ರಾರ್ಥಿಸುತ್ತಿದ್ದಳು. ಆ ಪ್ರಾರ್ಥನೆಗೆ ಉತ್ತರ ಸಿಗಲಿಲ್ಲ. ಆದರೆ ಆ ಪ್ರಯಾಣವೇ ಅವನನ್ನು ಮುಂದೆ ಮಿಲಾನಿಗೆ, ಅಲ್ಲಿನ ಸಭಾಧ್ಯಕ್ಷ ಅಂಬ್ರೋಸನ ಬೋಧನೆಗೆ ಒಯ್ದಿತು. 386ರಲ್ಲಿ ಅವನ ಮನಸ್ಸು ತಿರುಗಿತು, 387ರ ಈಸ್ಟರಿನಲ್ಲಿ ತನ್ನ 32ನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನ ಹೊಂದಿದನು. ಅದೇ ವರ್ಷ ಮೋನಿಕಾ ತೀರಿಕೊಂಡಳು.

ನಿಮ್ಮ ಮಗನ ಕಥೆಯೂ ಹೀಗೆಯೇ ಮುಗಿಯುತ್ತದೆಂದು ನಾನು ಮಾತು ಕೊಡಲಾರೆ. ಅಷ್ಟು ಮಾತ್ರ ಹೇಳಬಲ್ಲೆ: ಅವನನ್ನು ಹುಡುಕುವ ಕೆಲಸವನ್ನು ನೀವೊಬ್ಬರೇ ಹೊತ್ತಿಲ್ಲ. ಹೋಶೇಯನ 11ನೆಯ ಅಧ್ಯಾಯವನ್ನು ಓದಿರಿ; ಅಲ್ಲಿ ದೇವರು ಎಫ್ರಾಯೀಮನಿಗೆ, ಅಂದರೆ ತನ್ನ ಜನರಾದ ಇಸ್ರಾಯೇಲರಿಗೆ, ತೋಳು ಹಿಡಿದು ನಡೆಯಲು ಕಲಿಸಿದ ದಿನಗಳನ್ನು ನೆನೆದು, ನಿನ್ನನ್ನು ಹೇಗೆ ಬಿಟ್ಟುಬಿಡಲಿ ಎಂದು ಹೊಯ್ದಾಡುತ್ತಾನೆ. ನೀವು ಮಗನಿಗಾಗಿ ಹೊಯ್ದಾಡುವ ಹಾಗೆಯೇ. ದೇವರ ಮಾತು ಎತ್ತಿದರೆ ಅವನು ಎದ್ದು ಹೋಗುವುದಾದರೆ ಸದ್ಯಕ್ಕೆ ಎತ್ತಬೇಡಿರಿ. ಅವನ ಕೆಲಸದ ಬಗ್ಗೆ, ಅವನ ಸ್ನೇಹಿತರ ಬಗ್ಗೆ ಕೇಳಿರಿ, ಅವನು ಹೇಳುವುದನ್ನು ತಿದ್ದದೆ ಕೇಳಿಸಿಕೊಳ್ಳಿರಿ. ಅವನು ಮನೆಗೆ ಬಂದು ಹೋಗುವ ದಾರಿ ತೆರೆದಿರಲಿ.

ಪ್ರಶ್ನೆ: ಪ್ರಾರ್ಥಿಸಿ ಎಷ್ಟೋ ವರ್ಷವಾಯಿತು. ಎಲ್ಲಿಂದ ಆರಂಭಿಸಲಿ? ಮಾತುಗಳೇ ಮರೆತುಹೋಗಿವೆ.

ಉತ್ತರ: ಕೀರ್ತನೆಗಳಲ್ಲೆಲ್ಲ ಅತಿ ದೀರ್ಘವಾದದ್ದು 119ನೆಯದು. ದೇವರ ಆಜ್ಞೆಗಳನ್ನು ಪ್ರೀತಿಸುವ ಒಬ್ಬ ಭಕ್ತನು 175 ವಚನಗಳ ಉದ್ದಕ್ಕೂ ಅವುಗಳನ್ನು ಕೊಂಡಾಡಿ, 176ನೆಯದಾದ ಕಡೆಯ ವಚನಕ್ಕೆ ಬಂದಾಗ, ತಪ್ಪಿಹೋದ ಕುರಿಯಂತೆ ಅಲೆದಿದ್ದೇನೆ, ನಿನ್ನ ಸೇವಕನನ್ನು ಹುಡುಕು ಎಂದು ಬೇಡುತ್ತಾನೆ. ನಾನು ನಿನ್ನನ್ನು ಹುಡುಕುತ್ತೇನೆ ಎಂದು ಮಾತು ಕೊಡುವಷ್ಟು ಶಕ್ತಿ ಇಲ್ಲದ ದಿನ ಆ ಒಂದು ವಚನ ಸಾಕು. ಇಂದು ರಾತ್ರಿ ಮಲಗುವ ಮೊದಲು ಅದನ್ನೇ ಹೇಳಿರಿ, ನಾಳೆಯೂ ಅದನ್ನೇ ಹೇಳಿರಿ. ಉಳಿದ ಮಾತುಗಳು ನೆನಪಿಗೆ ಬಂದಾಗ ನನಗೆ ಇನ್ನೊಂದು ಪತ್ರ ಬರೆಯಿರಿ.